ಯುದ್ಧ ಕಾದಂಬರಿ ಗೆಲ್ಲುವುದೆಲ್ಲಿ?

ಯುದ್ಧವನ್ನು ಕುರಿತ ಕಾದಂಬರಿಯೊಂದು ಯಶಸ್ವಿಯಾಗುವುದು ಯಾವಾಗ? ಫಿರಂಗಿಯ ಸದ್ದು, ರಕ್ತದ ವಾಸನೆ, ಸೇನೆಯ ಚಲನವಲನಗಳ ನಿಖರ ವಿವರ ಇದ್ದರೆ ಸಾಕೆಂದು ಹಲವರು ಭಾವಿಸುತ್ತಾರೆ. ಇವು ಬೇಕು, ನಿಜ. ಆದರೆ ಇವನ್ನು ವರದಿಗಾರನೂ ಕೊಡಬಲ್ಲನು. ಚಲನಚಿತ್ರವಂತೂ ಇನ್ನೂ ಚೆನ್ನಾಗಿ ಕೊಡಬಲ್ಲುದು. ಒಳ್ಳೆಯ ಮನುಷ್ಯನೊಬ್ಬನ ಮನಸ್ಸಾಕ್ಷಿಗೆ ಯುದ್ಧವು ಏನು ಮಾಡುತ್ತದೆಂಬುದನ್ನು ಒಳಗಿನಿಂದ ತೋರಿಸುವುದೇ ಕಾದಂಬರಿಯ ನಿಜವಾದ ಕೆಲಸವೆಂದು ನನಗೆ ತೋರುತ್ತದೆ.

ಎರಿಕ್ ಮರಿಯಾ ರೆಮಾರ್ಕ್ ಅವರ ಕೃತಿಯನ್ನು ನೋಡೋಣ. ಜರ್ಮನಿಯ ಓಸ್ನಾಬ್ರೂಕ್ ಪಟ್ಟಣದ ಕಥೋಲಿಕ ಕುಟುಂಬವೊಂದರಲ್ಲಿ 1898ರಲ್ಲಿ ಜನಿಸಿದ ಅವರು ಶಿಕ್ಷಕ ತರಬೇತಿಯಲ್ಲಿದ್ದಾಗಲೇ, 1916ರಲ್ಲಿ, ಸೈನ್ಯಕ್ಕೆ ಸೇರಬೇಕಾಯಿತು. ಮರುವರ್ಷ ರಣರಂಗಕ್ಕೆ ಹೋದ ಕೆಲವೇ ವಾರಗಳಲ್ಲಿ ಷೆಲ್ ಚೂರುಗಳಿಂದ ಗಾಯಗೊಂಡು ಆಸ್ಪತ್ರೆ ಸೇರಿದರು. (ಹೆಚ್ಚು ಕಾಲ ಕಾದಾಡಿದವನೇ ಯುದ್ಧವನ್ನು ಚೆನ್ನಾಗಿ ಬರೆಯುತ್ತಾನೆಂಬ ನಿಯಮವೇನೂ ಇಲ್ಲ.) ಅವರ ಕಾದಂಬರಿ 1929ರಲ್ಲಿ ಪುಸ್ತಕವಾಗಿ ಬಂತು, ಇಂಗ್ಲಿಷಿನಲ್ಲಿ ಅದರ ಹೆಸರು ‘ಆಲ್ ಕ್ವಯೆಟ್ ಆನ್ ದ ವೆಸ್ಟರ್ನ್ ಫ್ರಂಟ್’.

ಶಾಲಾ ಶಿಕ್ಷಕನ ದೇಶಭಕ್ತಿಯ ಭಾಷಣಗಳಿಗೆ ಮರುಳಾಗಿ ತರಗತಿಯ ಹುಡುಗರು ಸೈನ್ಯ ಸೇರುತ್ತಾರೆ. ಅವರಲ್ಲಿ ಪೌಲ್ ಬಾಯ್ಮರ್ ಒಬ್ಬ. ಒಂದು ರಾತ್ರಿ ಆತ ಷೆಲ್ ಬಿದ್ದು ಉಂಟಾದ ಗುಂಡಿಯಲ್ಲಿ ಅಡಗಿರುವಾಗ ಫ್ರೆಂಚ್ ಸೈನಿಕನೊಬ್ಬ ಅದರೊಳಗೆ ಬೀಳುತ್ತಾನೆ. ಪೌಲ್ ಹೆದರಿ ಇರಿಯುತ್ತಾನೆ. ಆತ ಕೂಡಲೇ ಸಾಯುವುದಿಲ್ಲ. ಗಂಟೆಗಟ್ಟಲೆ ನರಳುವ ಅವನಿಗೆ ಪೌಲ್ ನೀರು ಕುಡಿಸುತ್ತಾನೆ, ಗಾಯಕ್ಕೆ ಬಟ್ಟೆ ಕಟ್ಟುತ್ತಾನೆ. ಅವನು ತೀರಿಕೊಂಡ ಮೇಲೆ ಜೇಬಿನಲ್ಲಿದ್ದ ಪುಸ್ತಕ ಶತ್ರುವಿಗೆ ಹೆಸರು ಕೊಡುತ್ತದೆ: ಗೆರಾರ್ ದ್ಯುವಾಲ್, ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವ. ಜೊತೆಗೆ ಹೆಂಡತಿ ಮತ್ತು ಪುಟ್ಟ ಮಗಳ ಭಾವಚಿತ್ರ. ನಿನ್ನ ಹೆಂಡತಿಗೆ ಪತ್ರ ಬರೆಯುವೆ, ಆಕೆಗೆ ನೆರವಾಗುವೆ ಎಂದು ಪೌಲ್ ಹೆಣಕ್ಕೆ ಮಾತು ಕೊಡುತ್ತಾನೆ.

ಸಾಮಾನ್ಯ ಲೇಖಕನಾಗಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದ. ಓದುಗರು ಕಣ್ಣೊರೆಸಿಕೊಂಡು ಸಮಾಧಾನ ಹೊಂದುತ್ತಿದ್ದರು. ರೆಮಾರ್ಕ್ ನಿಲ್ಲಿಸುವುದಿಲ್ಲ. ಮರುದಿನ ಗೆಳೆಯರು ಪೌಲ್‌ನನ್ನು ಸಂತೈಸುತ್ತಾರೆ. ಮರೆಯಲ್ಲಿ ಕುಳಿತು ಒಬ್ಬೊಬ್ಬರನ್ನೇ ಹೊಡೆದುರುಳಿಸುವ ಗುರಿಕಾರನನ್ನು ತೋರಿಸುತ್ತಾರೆ. ಯುದ್ಧವೆಂದರೆ ಯುದ್ಧ ಎಂದು ಪೌಲ್ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಆತ ಆ ಪತ್ರ ಬರೆದನೆಂದು ಕಾದಂಬರಿ ಎಲ್ಲಿಯೂ ಹೇಳುವುದಿಲ್ಲ. ಅವನ ಪಶ್ಚಾತ್ತಾಪ ಸುಳ್ಳಾಗಿರಲಿಲ್ಲ. ಅದಕ್ಕೆ ಬದುಕಲು ಅಲ್ಲಿ ಜಾಗವಿರಲಿಲ್ಲ.

ಇದಕ್ಕೂ ಮೊದಲಿನ ಪ್ರಸಂಗವೊಂದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಸಹಪಾಠಿ ಕೆಮ್ಮೆರಿಕ್ ಕಾಲು ಕಳೆದುಕೊಂಡು ಆಸ್ಪತ್ರೆಯಲ್ಲಿ ಅಳುತ್ತಾ ನಿಧಾನವಾಗಿ ಸತ್ತಿದ್ದಾನೆ. ರಜೆಯಲ್ಲಿ ಊರಿಗೆ ಬಂದ ಪೌಲ್ ಅವನ ತಾಯಿಗೆ, ನಿಮ್ಮ ಮಗ ನೋವಿಲ್ಲದೆ ತಕ್ಷಣ ಪ್ರಾಣಬಿಟ್ಟ ಎನ್ನುತ್ತಾನೆ. ಆಕೆ ನಂಬುವುದಿಲ್ಲ. ಇದು ಸುಳ್ಳಾದರೆ ನಾನು ಮರಳಿ ಬರದಿರಲಿ ಎಂದು ಆಣೆ ಇಡಿಸುತ್ತಾಳೆ. ಪೌಲ್ ಆಣೆ ಇಡುತ್ತಾನೆ.

ಸುಳ್ಳಾಣೆ ಪಾಪವೆಂದು ನಾವೆಲ್ಲರೂ ಜ್ಞಾನೋಪದೇಶದಲ್ಲಿ ಕಲಿತವರೇ. ಆದರೂ ಆ ತಾಯಿಯ ಎದುರು ನೀವು ನಿಂತಿದ್ದರೆ ಏನು ಹೇಳುತ್ತಿದ್ದಿರಿ? ಆ ಸುಳ್ಳು ಸರಿಯೆಂದು ನಾನು ಹೇಳಲಾರೆ. ಅದರ ಭಾರವನ್ನೆಲ್ಲ ಆ ಹುಡುಗನೊಬ್ಬನ ಹೆಗಲಿಗೇ ಹೊರಿಸಲೂ ಆರೆ. ಅವನನ್ನು ಅಲ್ಲಿಗೆ ಕಳುಹಿಸಿದ ಶಿಕ್ಷಕನ ಮಾತೂ ಸುಳ್ಳೇ ಆಗಿತ್ತು, ಅದರಲ್ಲಿ ಕರುಣೆಯೂ ಇರಲಿಲ್ಲ. ಲೇಖಕರು ಇಲ್ಲಿ ತೀರ್ಪು ಕೊಡದೆ ನಮ್ಮನ್ನು ಆ ಕೋಣೆಯಲ್ಲೇ ಬಿಟ್ಟು ಹೋಗುತ್ತಾರೆ. ಬೇರೆ ಕೆಲವೆಡೆ ಪೌಲ್‌ನ ಚಿಂತನೆಗಳು ಭಾಷಣದಂತಾಗುವುದುಂಟು. ಇಲ್ಲಿ ಒಂದು ಮಾತೂ ಹೆಚ್ಚಿಲ್ಲ.

ಪೌಲ್ ಮರಳಿ ಬರುವುದಿಲ್ಲ. 1918ರ ಅಕ್ಟೋಬರಿನಲ್ಲಿ, ಯುದ್ಧ ಮುಗಿಯಲು ಕೆಲವೇ ವಾರಗಳಿರುವಾಗ ಸಾಯುತ್ತಾನೆ. ಅದುವರೆಗೆ ‘ನಾನು’ ಎಂದು ಸಾಗಿದ ಕಥೆಯನ್ನು ಕೊನೆಯ ಕೆಲವು ಸಾಲುಗಳಲ್ಲಿ ಬೇರಾವುದೋ ದನಿ ಮುಗಿಸುತ್ತದೆ. ಅಂದಿನ ಸೇನಾ ವರದಿಯಲ್ಲಿದ್ದುದು, ಪಶ್ಚಿಮ ರಂಗದಲ್ಲಿ ಹೇಳುವಂಥ ಹೊಸದೇನೂ ಇಲ್ಲವೆಂಬ ಒಂದೇ ವಾಕ್ಯ. ಜರ್ಮನ್ ಮೂಲದ ಶೀರ್ಷಿಕೆಯ ಅರ್ಥವೂ ಅದೇ. ಸೇನೆಯ ಲೆಕ್ಕದಲ್ಲಿ ಆ ವಾಕ್ಯ ಸತ್ಯವೇ. ಆಣೆ ಇಡಿಸದೆಯೇ ನಂಬಬಹುದಾದ ಸತ್ಯ.

1933ರ ಮೇ ತಿಂಗಳಲ್ಲಿ ನಾಜಿಗಳು ಈ ಪುಸ್ತಕವನ್ನು ಬೆಂಕಿಗೆ ಹಾಕಿದರು. ರೆಮಾರ್ಕ್ ಆಗಲೇ ದೇಶ ಬಿಟ್ಟಿದ್ದರು. ಬಟ್ಟೆ ಹೊಲಿದು ಜೀವಿಸುತ್ತಿದ್ದ ಅವರ ತಂಗಿ ಎಲ್ಫ್ರೀಡೆ ಜರ್ಮನಿಯಲ್ಲೇ ಉಳಿದರು. ಯುದ್ಧ ಸೋತಾಗಿದೆ ಎಂದು ಆಡಿದ ಮಾತಿಗಾಗಿ 1943ರ ಡಿಸೆಂಬರಿನಲ್ಲಿ ಅವರ ಶಿರಚ್ಛೇದ ಮಾಡಲಾಯಿತು.