ಒಂದು ಶಬ್ದದ ಜಾತಕ

ನಮ್ಮ ಸೋದರತ್ತೆಯ ಕೈಬೆರಳುಗಳ ಮೇಲೆ ತೊನ್ನು ಇತ್ತು. ಮೊರದಲ್ಲಿ ಅಕ್ಕಿ ಆರಿಸುವಾಗ ಆ ಬಿಳಿ ಬೆರಳುಗಳು ಚೆಂದ ಎಂದೇ ಹುಡುಗನಾಗಿದ್ದ ನನಗೆ ಅನ್ನಿಸುತ್ತಿತ್ತು. ಅವರನ್ನು ನೋಡಲು ಬಂದ ಗಂಡಿನ ಕಡೆಯವರು ಮಾತ್ರ, ಯಾರೋ 'ಬಿಳಿ ಕುಷ್ಠವಂತೆ' ಎಂದು ಪಿಸುಗುಟ್ಟಿದ್ದೇ ತಡ, ಉಪ್ಪಿಟ್ಟಿನ ತಟ್ಟೆ ಮುಟ್ಟದೆ ಎದ್ದು ಹೋದರು. ಅತ್ತೆಗೆ ಮದುವೆಯಾಗಲಿಲ್ಲ.

ಆ ಶಬ್ದದ ಜಾತಕವನ್ನು ನಾನು ತೆಗೆದು ನೋಡಿದ್ದು ಬಹಳ ತಡವಾಗಿ. ಚರಕ ಸಂಹಿತೆಯಲ್ಲಿ ಕುಷ್ಠ ಎಂಬುದು ಒಂದೇ ರೋಗದ ಹೆಸರಲ್ಲ. ಮಹಾಕುಷ್ಠ 7, ಕ್ಷುದ್ರಕುಷ್ಠ 11, ಒಟ್ಟು 18. ಹುಳುಕಡ್ಡಿ, ಕಜ್ಜಿ, ಅಂಗಾಲಿನ ಬಿರುಕು ಎಲ್ಲವೂ ಆ ಲೆಕ್ಕದೊಳಗೇ. ಹಾಗೆ ನೋಡಿದರೆ ಗದ್ದೆಗಿಳಿದು ದುಡಿಯುವ ಅರ್ಧ ಊರಿಗೇ ಕುಷ್ಠ! ತೊನ್ನಿನ ಮಾತು ಬರುವುದು ಅದೇ ಅಧ್ಯಾಯದ ಕೊನೆಗೆ, ಆ ಹದಿನೆಂಟರ ಹೊರಗೆ.

ಕಾಲಾಂತರದಲ್ಲಿ ಶಬ್ದ ಕಿರಿದಾಗಿ ಒಂದೇ ಕಾಯಿಲೆಯ ಹೆಸರಾಯಿತು. ಅದರ ರೋಗಾಣುವನ್ನು 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದರು. ಕುಷ್ಠದಲ್ಲಿ ಮಚ್ಚೆಯ ಜಾಗದ ಸ್ಪರ್ಶವೇ ಹೋಗಬಹುದು. ತೊನ್ನಿನಲ್ಲಿ ಹೋಗುವುದು ಚರ್ಮದ ಬಣ್ಣವಷ್ಟೇ, ಅದು ಅಂಟುವುದೂ ಇಲ್ಲ. ವೈದ್ಯರ ಬಾಯಲ್ಲಿ ಅರ್ಥ ಕಿರಿದಾದರೂ ಜನರ ಬಾಯಲ್ಲಿ ಭಯ ಕಿರಿದಾಗಲಿಲ್ಲ. ಬೀದಿಯಲ್ಲಿ ಅಲೆಯುವ ಬಡ ರೋಗಿಗಳನ್ನು ಹಿಡಿದು ಕೂಡಿಹಾಕಲು 1898ರಲ್ಲಿ ಮಾಡಿದ ಕಾನೂನು ರದ್ದಾದದ್ದು 2016ರಲ್ಲಿ. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಆರು ತಿಂಗಳೋ ವರ್ಷವೋ ಮಾತ್ರೆ ನುಂಗಿದರೆ ಗುಣ. ಆದರೂ ಕುಷ್ಠದ ಕಾರಣ ಕೊಟ್ಟು ವಿಚ್ಛೇದನ ಕೇಳುವ ಅವಕಾಶವನ್ನು ನಮ್ಮ ವಿವಾಹ ಕಾನೂನುಗಳಿಂದ ತೆಗೆದದ್ದು 2019ರಲ್ಲಿ. ಮದ್ದಿಗೂ ಮಾತಿಗೂ ನಡುವೆ 38 ವರ್ಷ!

ಇದನ್ನೆಲ್ಲ ಓದಿಕೊಂಡು ನಾನು ಅತ್ತೆಯ ಪರ ವಕೀಲನಾದೆ. ಯಾರು ಆ ಮಾತೆತ್ತಿದರೂ, "ಅವರಿಗಿರುವುದು ಕುಷ್ಠವಲ್ಲ, ತೊನ್ನು" ಎಂದು ಖಂಡತುಂಡವಾಗಿ ಹೇಳುತ್ತಿದ್ದೆ. ಒಮ್ಮೆ ಅತ್ತೆಯ ಎದುರೇ ಹೇಳಿ, ಮೆಚ್ಚುಗೆಗೆ ಕಾದೆ. ಮುದುಕಿಯಾಗಿದ್ದ ಅವರು ಮೊರದಿಂದ ತಲೆಯೆತ್ತಲಿಲ್ಲ.

"ಹಾಗಾದರೆ ಅದೇ ಆಗಿದ್ದಿದ್ದರೆ ಅವರು ಎದ್ದು ಹೋದದ್ದು ಸರಿಯಾಗುತ್ತಿತ್ತೇನೋ?"

ನಾನು ಉತ್ತರ ಕೊಡಲಿಲ್ಲ. ಇಷ್ಟು ವರ್ಷ ನಾನು ಅತ್ತೆಯನ್ನು ಆ ಶಬ್ದದಿಂದ ಬಿಡಿಸುತ್ತಿದ್ದೆ. ಅದರೊಳಗೇ ಉಳಿದವರ ಪರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಈಗ ಆ ಕಾಯಿಲೆಯನ್ನು ಹ್ಯಾನ್ಸೆನ್ನರ ಹೆಸರಿನಿಂದ ಕರೆಯೋಣ ಎನ್ನುವವರಿದ್ದಾರೆ. ಕರೆಯೋಣ, ಒಳ್ಳೆಯದೇ. ಆದರೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತವರು ಹೊಸ ಹೆಸರು ಕೇಳಿಯೂ ಎದ್ದು ಹೋಗಬಲ್ಲರು.