ತಿದ್ದಿಕೊಳ್ಳುವಷ್ಟು ಹೊತ್ತು

ಅಂಕಲಗಿಯಂಥ ಊರಿನ ಪ್ರಾಥಮಿಕ ಶಾಲೆಯಲ್ಲಿ ಕಂಪ್ಯೂಟರ್ ಕಲಿಸಲು ಶಿಕ್ಷಕರನ್ನು ತಯಾರು ಮಾಡಬೇಕು ಎಂದ ಕೂಡಲೇ ಎಲ್ಲರ ಕಣ್ಣು ಯಂತ್ರದ ಮೇಲೆ ಹೋಗುತ್ತದೆ. ಎಷ್ಟು ಬಂದವು, ಕರೆಂಟ್ ಇರುತ್ತದೆಯೇ, ಕೆಟ್ಟರೆ ಯಾರು ನೋಡುವವರು? ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಮಕ್ಕಳು ತಪ್ಪಿ, ತಾವೇ ತಿದ್ದಿಕೊಳ್ಳುವ ತನಕ ಕೈಕಟ್ಟಿ ನಿಲ್ಲುವುದನ್ನು ನಮ್ಮ ಶಿಕ್ಷಕರಿಗೆ ಯಾವ ತರಬೇತಿ ಕಲಿಸಿದೆ? ನನಗೆ ಅದೇ ಮೊದಲ ಪ್ರಶ್ನೆ.

ಬೆಳಗಿನ ಪ್ರಾರ್ಥನೆಯ ಸಾಲನ್ನೇ ನೋಡಿ. ಗಿಡ್ಡವರು ಮುಂದೆ, ಎತ್ತರದವರು ಹಿಂದೆ. ಸಾಮಾನ್ಯವಾಗಿ ಗುರುಗಳೇ ಭುಜ ಹಿಡಿದು ಸರಿಸುತ್ತಾರೆ. ಅದರ ಬದಲು ಐದು ಮಕ್ಕಳನ್ನು ನಿಲ್ಲಿಸಿ ಒಂದೇ ನಿಯಮ ಹೇಳೋಣ: ಮುಂದಿನಿಂದ ಶುರುಮಾಡಿ ಇಬ್ಬಿಬ್ಬರೇ ಎತ್ತರ ನೋಡಿಕೊಳ್ಳಿ, ಮುಂದಿದ್ದವರು ಎತ್ತರವಾಗಿದ್ದರೆ ಜಾಗ ಬದಲಿಸಿ. ಸಾಲಿನ ಕೊನೆ ಮುಟ್ಟಿದರೆ ಒಂದು ಸುತ್ತು, ಅದರಲ್ಲಿ ನಾಲ್ಕು ಹೋಲಿಕೆ; ಆಮೇಲೆ ಮತ್ತೆ ಮುಂದಿನಿಂದ ಇನ್ನೊಂದು ಸುತ್ತು. ಸಾಲು ಪೂರ್ತಿ ತಿರುವುಮುರುವಾಗಿದ್ದರೆ ಒಟ್ಟು 10 ಅದಲುಬದಲು. ಮುಗಿಯಿತೆಂದು ತಿಳಿಯುವುದು ಹೇಗೆ? ದೂರ ನಿಂತು ಕಣ್ಣಳತೆಯಲ್ಲಿ ಹೇಳುವಂತಿಲ್ಲ. ಗದ್ದಲವಾಗುತ್ತದೆ, ಒಂದೆರಡು ತಪ್ಪು ಉತ್ತರ ಬರುತ್ತವೆ. ಕೊನೆಗೆ ಯಾರೋ ಒಬ್ಬಳು, ‘ಒಂದು ಸುತ್ತಿನ್ಯಾಗ ಯಾರೂ ಸರೀಲಿಲ್ಲಂದ್ರ ಮುಗೀತ್ರಿ ಸರ್’ ಅಂದಾಳು. ಕಂಪ್ಯೂಟರಿನಲ್ಲಿ ಕ್ರಮ ಜೋಡಿಸುವ ಬಬಲ್ ಸಾರ್ಟ್ ಎಂಬ ಪ್ರೋಗ್ರಾಂ ನಿಲ್ಲುವುದೂ ಹೀಗೆಯೇ. ಆ ಗದ್ದಲದ ನಡುವೆ ಉತ್ತರ ಹೇಳಿಬಿಡದೆ ಇರುವುದು ಶಿಕ್ಷಕರಿಗೆ ಬಹಳ ಕಷ್ಟ.

ಸೈಮೂರ್ ಪ್ಯಾಪರ್ಟ್ 1980ರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಮಕ್ಕಳು ತಪ್ಪನ್ನು ತಾವೇ ತಿದ್ದಿಕೊಳ್ಳುವ ಇದೇ ಕಲಿಕೆಯನ್ನು ಎತ್ತಿ ಹಿಡಿದ. ಪ್ರೋಗ್ರಾಂ ಬರೆಯುವ ಮಗು ಸರಿಯೋ ತಪ್ಪೋ ಎಂದು ಕೇಳಿ ಸುಮ್ಮನಾಗುವುದಿಲ್ಲ, ಎಲ್ಲಿ ಕೆಟ್ಟಿದೆ ಎಂದು ಹುಡುಕುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ ಬಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಕರ್ನಾಟಕಕ್ಕೆ ಈ ವಿಚಾರ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿಯ ಕಾರ್ಡುಗಳನ್ನು ತಾವೇ ಮಾಡಿದರು. ಆ ಕಾರ್ಡುಗಳನ್ನು ಜೋಡಿಸುವ ಕಲಿಕಾ ಏಣಿಯೆಂಬುದು ಅಚ್ಚುಕಟ್ಟಾದ ಕ್ರಮವಿಧಿ: ಈ ಮೆಟ್ಟಿಲು ಬಂದರೆ ಮುಂದಕ್ಕೆ, ಬಾರದಿದ್ದರೆ ಇನ್ನೊಂದು ಚಟುವಟಿಕೆ. ಒಂದೇ ಕೋಣೆಯಲ್ಲಿ ಐದು ಗುಂಪುಗಳನ್ನು ನಡೆಸುವ ಶಿಕ್ಷಕಿಗೆ ಗಣನಾತ್ಮಕ ಚಿಂತನೆ ಬಾರದು ಎಂದರೆ ನಾನು ಒಪ್ಪಲಾರೆ. ಆದರೆ 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದಾಗ ಸಿದ್ಧ ಸಾಮಗ್ರಿಯಾಗಿ ಬಂತು. ಹೆಗ್ಗಡದೇವನಕೋಟೆಯಲ್ಲಿ ಏಣಿ ಕಟ್ಟಿದವರು ಶಿಕ್ಷಕರು. ಉಳಿದೆಡೆ, ಬೇರೆಯವರು ಕಟ್ಟಿದ ಏಣಿಯನ್ನು ಪಾಲಿಸುವವರೂ ಶಿಕ್ಷಕರೇ. ನನ್ನ ಸಂಕಟ ಇರುವುದು ಇಲ್ಲಿ.

ಕಂಪ್ಯೂಟರ್ ತರಬೇತಿಗೂ ಅದೇ ಗತಿ ಬರಬಾರದು. ರಾಜ್ಯದಿಂದ ಜಿಲ್ಲೆಗೆ, ಅಲ್ಲಿಂದ ತಾಲ್ಲೂಕಿಗೆ, ಕ್ಲಸ್ಟರಿಗೆ ಇಳಿಯುವ ತರಬೇತಿ ಮುಗಿದ ಉತ್ತರಗಳನ್ನು ಸಾಗಿಸಬಲ್ಲದು. ಉತ್ತರ ಕೆಟ್ಟಾಗ ಏನು ಮಾಡಬೇಕೆಂಬುದು ಆ ದಾರಿಯಲ್ಲಿ ಬರುವುದಿಲ್ಲ. ಅದಕ್ಕೆ ಕ್ಲಸ್ಟರಿನ ಸಮಾಲೋಚನಾ ಸಭೆಯೇ ತಕ್ಕ ಜಾಗ. ತನ್ನ ತರಗತಿಯಲ್ಲಿ ಕೈಕೊಟ್ಟ ಚಟುವಟಿಕೆಯನ್ನು ಶಿಕ್ಷಕಿ ಅಲ್ಲಿ ಅಂಜದೆ ಮುಂದಿಡಬೇಕು, ಉಳಿದವರು ಸೇರಿ ಬಿಚ್ಚಿ ನೋಡಬೇಕು.

ಯಂತ್ರವಿಲ್ಲದೆಯೂ ಕಲಿಸಬಹುದು ಎಂಬ ಮಾತಿಗೆ ಒಂದು ಅಪಾಯವಿದೆ; ‘ಹಾಗಾದರೆ ಹಳ್ಳಿ ಶಾಲೆಗೆ ಕಂಪ್ಯೂಟರ್ ಯಾಕೆ’ ಎಂದು ಕೇಳುವವರು ಸಿಗುತ್ತಾರೆ. ಖಾಸಗಿ ಶಾಲೆಯ ಮಗುವಿಗೆ ಕೀಬೋರ್ಡ್, ಸರ್ಕಾರಿ ಶಾಲೆಯ ಮಗುವಿಗೆ ಬರೀ ಆಟ ಎಂದಾದರೆ ಅದು ಅನ್ಯಾಯ. ಸಾಲಿನಲ್ಲಿ ಕಂಡ ನಿಯಮವನ್ನು ಆ ಮಕ್ಕಳು ಪರದೆಯ ಮೇಲೆ ತಾವೇ ಬರೆದು ಓಡಿಸಬೇಕು. ಕಂಪ್ಯೂಟರ್ ಅಷ್ಟರೊಳಗೆ ಶಾಲೆಗೆ ಬಂದಿರಬೇಕು, ಬೀರುವಿನಿಂದ ಹೊರಗೂ ಬಂದಿರಬೇಕು.