ಹಳೆಯ ಜೀಪಿನ ಬೆಲೆ

ಎಷ್ಟು ಹಳೆಯದಾದರೂ ಬೆಲೆ ಕೆಡದ ವಸ್ತು ಯಾವುದೆಂದು ಕೇಳಿದರೆ ಹೆಂಗಸರಾದ ನಾವು ಥಟ್ಟನೆ ಚಿನ್ನ ಎನ್ನುತ್ತೇವೆ. ನಮ್ಮ ಮಲೆನಾಡಿನ ಗಂಡಸರು ಜೀಪು ಎಂದಾರು. ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಪೇಟೆಯ ಕಾರನ್ನು ಹದಿನೈದು ವರ್ಷಕ್ಕೆ ಕೇಳುವವರಿರುವುದಿಲ್ಲ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಜೀಪಿಗೆ ಇಪ್ಪತ್ತೈದು ವರ್ಷದ ಮೇಲೂ ಗಿರಾಕಿ ಉಂಟು. ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿ ಮನೆಗಳನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಟಾರು ರಸ್ತೆಯಿಂದ ಅಂಗಳಕ್ಕೆ ಹೋಗುವ ಮಣ್ಣಿನ ಏರು ಆಷಾಢದಲ್ಲಿ ಬೆಣ್ಣೆಯಂತೆ ಜಾರುತ್ತದೆ. ಅಡಿಕೆ ಮೂಟೆಗೂ ಗೊಬ್ಬರಕ್ಕೂ ಹೆರಿಗೆ ನೋವಿನ ಹೆಣ್ಣುಮಗಳಿಗೂ ಅದೇ ಗಾಡಿ. ಮಹೀಂದ್ರದವರು 1947ರಲ್ಲೇ ವಿಲ್ಲಿಸ್ ಜೀಪು ಜೋಡಿಸತೊಡಗಿದರು. ಅಂದಿನಿಂದ ಅದರ ರಿಪೇರಿ ತಂದೆಯಿಂದ ಮಗನಿಗೆ ಬಂದ ವಿದ್ಯೆಯಾಗಿದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿ 2019ರ ಹೊತ್ತಿಗೆ ಜನಸಾಮಾನ್ಯರಿಗೆ ಸಿಗುವುದು ನಿಂತಿತು. ಹೊಸದು ಬಾರದ ವಸ್ತುವಿನಲ್ಲಿ ಹಳೆಯದಕ್ಕೇ ಮರ್ಯಾದೆ. 2010ರಲ್ಲಿ ಥಾರ್ ಬಂದ ಮೇಲಂತೂ ಪೇಟೆಯ ಹುಡುಗರೂ ಜೀಪಿನ ಬೆನ್ನು ಹತ್ತಿದರು. ಅವರು ಹತ್ತಬೇಕಾದ ಏರು ಯಾವುದೋ ನಾನು ಕಾಣೆ.

ಈ ಬೆಲೆ ಯಾವುದರ ಮೇಲೆ ನಿಲ್ಲುತ್ತದೆ? ಟೈರು, ಬಣ್ಣ, ಕೆಳಗಿನ ಚಾಸಿಗೆ ಹಿಡಿದ ತುಕ್ಕು ಇವು ಕಣ್ಣಿಗೆ ಕಾಣುವಂಥವು. ಮೀಟರಿನ ಕಿಲೋಮೀಟರನ್ನು ಹಿಂದಕ್ಕೆ ತಿರುಗಿಸಬಹುದೆಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಯಾರೂ ಹೆಚ್ಚು ನೆಚ್ಚುವುದಿಲ್ಲ. ಕೊನೆಗೆ ಗಿರಾಕಿ ಕೇಳುವ ಪ್ರಶ್ನೆ ಒಂದೇ, 'ಯಾರ ಕೈಲಿತ್ತು?' ಡಾಕ್ಟರ ಗಾಡಿ ಎಂದರೆ ಒಂದು ಬೆಲೆ, ಮರಳು ಹೊಡೆದ ಗಾಡಿ ಎಂದರೆ ಇನ್ನೊಂದು. ಕಬ್ಬಿಣದೊಡನೆ ಮನುಷ್ಯನ ನಡತೆಯೂ ತಕ್ಕಡಿಗೆ ಬೀಳುತ್ತದೆ.

ನನ್ನ ಮೈದುನನಿರುವುದು ಭದ್ರಾವತಿಯಲ್ಲಿ. 1923ರಿಂದ ಕಬ್ಬಿಣದ ಕಾರ್ಖಾನೆ ಕಂಡ ಊರು. ಅಲ್ಲಿಯ ಜನ ಬೆರಳಲ್ಲಿ ತಟ್ಟಿಯೇ ತಗಡಿನ ಯೋಗ್ಯತೆ ಹೇಳಿಬಿಡುತ್ತಾರೆ. ಮಗಳ ಕಾಲೇಜಿನ ಫೀಸಿಗೆಂದು ಅವನು 1998ರ ತನ್ನ ಮಹೀಂದ್ರ ಜೀಪನ್ನು ಮಾರಲು ಹೊರಟ. ಶಿವಮೊಗ್ಗದಲ್ಲಿ ಗಿರಾಕಿ ಹೆಚ್ಚೆಂದು ದಲ್ಲಾಳಿ ಅದನ್ನು ವಿನೋಬನಗರದ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ. ಜೀಪಿಗೆ ಒಂದೇ ಕಾಯಿಲೆ. ಮುಂದಿನ ಚಕ್ರಗಳಿಗೆ ಬಲ ಕೊಡುವ ಫ್ರಂಟ್ ಗೇರು ಭಾರ ಹೊತ್ತು ಏರು ಹತ್ತುವಾಗ ಹಾರಿಬಿಡುತ್ತಿತ್ತು. ಶಿವಮೊಗ್ಗದ ಸಮತಟ್ಟು ರಸ್ತೆಯಲ್ಲಿ ಹತ್ತು ಸುತ್ತು ಹೊಡೆದರೂ ಅದು ಗೊತ್ತಾಗದು.

"ಕೇಳಿದರೆ ಹೇಳೋಣ ಅತ್ತಿಗೆ, ಕೇಳದಿದ್ದರೆ ಯಾಕೆ?" ಎಂದ ಮೈದುನ.

ಇದು ಬರೀ ಜಾಣತನದ ಮಾತಲ್ಲ, ಕಾನೂನೂ ಹೆಚ್ಚುಕಡಿಮೆ ಹೀಗೇ ಹೇಳುತ್ತದೆ. 1872ರ ಕರಾರು ಕಾಯ್ದೆಯ 17ನೆಯ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆಯಿದೆ. ಕುದುರೆಗೆ ದೋಷವಿದೆಯೆಂದು ಬಲ್ಲವನು ಹರಾಜಿನಲ್ಲಿ ಸುಮ್ಮನಿದ್ದು ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಸ್ವಂತ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ಇದನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದೆ. ಮಗಳಿಗೆ ಹೇಳಬೇಕಾದದ್ದನ್ನು ಪರರ ಮಗಳಿಗೆ ಮುಚ್ಚಿಡಬಹುದು! ಜೀಪಿನಲ್ಲಿ ಕೂರುವವಳು ಯಾರದೋ ಮಗಳೇ ತಾನೇ?

ನಮ್ಮ ಹಳಬರು ಇನ್ನೊಂದು ದಾರಿ ಹಿಡಿದಿದ್ದರು. ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಮಿತಾಕ್ಷರಾ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಕೊಂಡದ್ದನ್ನು ಪರೀಕ್ಷಿಸಿ ನೋಡಲು ಆ ಸ್ಮೃತಿ ದಿನ ಗೊತ್ತುಮಾಡಿದೆ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1, ಭಾರ ಹೊರುವ ಪ್ರಾಣಿಗೆ 5, ಕರೆಯುವ ಹಸುವಿಗೆ 3. (ಅದೇ ಪಟ್ಟಿಯಲ್ಲಿ ದಾಸದಾಸಿಯರಿಗೂ ದಿನ ಹಾಕಿರುವುದನ್ನು ಕಂಡು ನನ್ನ ಗೌರವ ಅರ್ಧ ಇಳಿಯಿತೆನ್ನಿ.) ಜೀಪು ನೋಡಲು ಕಬ್ಬಿಣ, ಕೆಲಸದಲ್ಲಿ ಎತ್ತು. ಆದರೆ ಫ್ರಂಟ್ ಗೇರಿನ ಗುಣ ತಿಳಿಯಲು ಐದು ದಿನವೂ ಸಾಲದು, ಒಂದು ಮಳೆಗಾಲವೇ ಬೇಕು. ತಿಳಿಯುವ ಹೊತ್ತಿಗೆ ಗಾಡಿ ಏರಿನ ನಡುವೆ ಇರುತ್ತದೆ.

ಬಂದವರು ತೀರ್ಥಹಳ್ಳಿ ಕಡೆಯ ತೋಟದ ಯಜಮಾನರು, ಜೊತೆಗೆ ಮಗ. ದಲ್ಲಾಳಿ ಬಾಯಿ ಬಿಟ್ಟದ್ದೇ "ಟೀಚರಮ್ಮನ ಮನೆ ಗಾಡಿ ಸ್ವಾಮಿ" ಎಂದು. ಯಜಮಾನರು ಜೀಪು ನೋಡುವುದು ಬಿಟ್ಟು ನನ್ನ ಮುಖ ನೋಡಿ ಕೈ ಮುಗಿದರು. ಗೇರಿನ ವಿಷಯ ಅವರು ಕೇಳಲೇ ಇಲ್ಲ. ನಾನಿದ್ದೇನೆಂಬ ಧೈರ್ಯಕ್ಕೆ ಕೇಳಲಿಲ್ಲ ಎಂಬುದು ನನಗೆ ಸ್ಪಷ್ಟವಾಯಿತು. ನನ್ನ ಹೆಸರನ್ನು ಬೆಲೆಗೆ ಸೇರಿಸಿದ ಮೇಲೆ ಸುಮ್ಮನಿರುವುದೂ ನಾನಾಡಿದ ಮಾತೇ ಆಗುತ್ತದೆ. ಹೇಳಿದೆ.

2 ಲಕ್ಷ 40 ಸಾವಿರಕ್ಕೆ ಕುದುರುತ್ತಿದ್ದ ವ್ಯಾಪಾರ 1 ಲಕ್ಷ 80 ಸಾವಿರಕ್ಕೆ ಇಳಿಯಿತು. ಗೇರು ಸರಿಮಾಡಿಸಲು ಮೆಕ್ಯಾನಿಕ್ ಹೇಳಿದ್ದು 35 ಸಾವಿರ. ಮುರಿದುಕೊಂಡದ್ದು 60 ಸಾವಿರ. ಒಂದು ದೋಷ ಹೇಳಿದವರು ಇನ್ನೆರಡು ಮುಚ್ಚಿಟ್ಟಿರಬಹುದೆಂಬ ಲೆಕ್ಕ ಅವರದು. ಸುಳ್ಳೇ ರೂಢಿಯಾದ ಸಂತೆಯಲ್ಲಿ ನಿಜ ಹೇಳಿದವರ ಮೇಲೂ ಅನುಮಾನದ ಸುಂಕ ಬೀಳುತ್ತದೆ.

ಹರಿಶ್ಚಂದ್ರನ ಕಥೆಯನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಕಣ್ಣೊದ್ದೆಯಾಗುವಂತೆ ಹೇಳಿದ್ದೇನೆ. ಸತ್ಯ ಅವನದು, ಕಾಶಿಯ ಬೀದಿಯಲ್ಲಿ ಮಾರಾಟವಾದವರು ಚಂದ್ರಮತಿ ಮತ್ತು ಲೋಹಿತಾಶ್ವ. "ನಿಮ್ಮ ಸತ್ಯಕ್ಕೆ ನನ್ನ ಅರವತ್ತು ಸಾವಿರ ಹೋಯಿತು ಅತ್ತಿಗೆ" ಎಂದು ಮೈದುನ ಮೆಲ್ಲಗೆ ಅಂದಾಗ ನೆನಪಾದವಳು ಚಂದ್ರಮತಿಯೇ. ಅವನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ಏರಿನ ಮೇಲೆ ಗೇರು ಹಾರಿದರೆ ತೆರಬೇಕಾದದ್ದು ರೂಪಾಯಿಯಲ್ಲಿ ಇರುತ್ತಿರಲಿಲ್ಲ; ಅದನ್ನು ತೆರುವವರು ಈ ವ್ಯಾಪಾರದಲ್ಲಿ ಬಾಯಿ ಹಾಕದ ಯಾರೋ ಹೆಂಗಸೋ ಮಗುವೋ ಆಗಿರುತ್ತಿದ್ದರು. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಫೀಸಿಗೆ ಕಡಿಮೆ ಬಿದ್ದ ಹಣದಲ್ಲಿ ಅರ್ಧವನ್ನು ನನ್ನ ಉಳಿತಾಯದಿಂದ ಕೊಡಲು ಹೋದೆ. ಮೈದುನ ಮುಟ್ಟಲಿಲ್ಲ. ಓರಗಿತ್ತಿ ಅಡಿಗೆಮನೆಗೆ ಕರೆದು, "ಕೊಡಿ ಅಕ್ಕ, ಅವರಿಗೆ ಹೇಳಬೇಡಿ" ಎಂದು ತೆಗೆದುಕೊಂಡು ಅಕ್ಕಿ ಡಬ್ಬದಲ್ಲಿಟ್ಟಳು. ಅವನು ಕೇಳಲಿಲ್ಲ, ನಾವಿಬ್ಬರೂ ಹೇಳಲಿಲ್ಲ. ಇದು ಅಚ್ಚಾದರೆ ತಿಳಿದೀತು.